ಕಂದಾಯವೋ, ದಾನವೋ?



ಹಟ್ಟಿ ಎಂದೊಡನೆ ಲೋಕಕ್ಕೆ ನೆನಪಾಗುವುದು ಬಂಗಾರ. 1947ರಲ್ಲಿ ಹೈದರಾಬಾದಿನ ಹೆಸರಿನಿಂದ ಆರಂಭವಾದ ಗಣಿ ಕಂಪನಿಯು 1956ರಲ್ಲಿ ಹಟ್ಟಿಯ ಹೆಸರನ್ನೇ ಧರಿಸಿತು. 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದ ಮೇಲಂತೂ ಬಂಗಾರದ ಮಾತು ಬಂದಲ್ಲಿ ಈ ಊರೇ ಮೊದಲು. ಆದರೆ ನೆಲದೊಳಗಿನಿಂದ ಮೇಲೆ ಬಂದ ಬಂಗಾರವು ಊರಿನಲ್ಲಿ ನಿಲ್ಲುವುದಿಲ್ಲ. ನಿಲ್ಲುವವರು ಪಾಳಿಯ ಮೇಲೆ ಪಾಳಿಯಂತೆ ಗಣಿಗೆ ಇಳಿದು ಏರುವ ಜನ, ಅವರ ಮನೆಮಂದಿ, ಅವರ ಕಷ್ಟಸುಖ. ಆದಕಾರಣ ಇಂಥ ಊರುಗಳಲ್ಲಿ, ನೆರೆಯ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳಲ್ಲಿಯೂ, ಹತ್ತಾರು ಗೃಹಸ್ಥರು ಕೂಡಿಕೊಂಡು ರಕ್ತದಾನ, ಕಣ್ಣಿನ ತಪಾಸಣೆಯ ಶಿಬಿರ, ರೋಗಿಗಳ ಕಡೆಯವರಿಗೆ ಊಟ, ಬಡಮಕ್ಕಳಿಗೆ ಪುಸ್ತಕ ಮೊದಲಾದ ಕಾರ್ಯಗಳಲ್ಲಿ ತೊಡಗುವುದು ಸಹಜವೇ. ನಮ್ಮ ಸಮಾಜದ ತರುಣರೂ ಇದರಲ್ಲಿ ಕೈಜೋಡಿಸಿದ್ದಾರೆ.

ಈ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಹಿರಿಯರು, “ಇದೆಲ್ಲ ಲೌಕಿಕ. ಸಂಧ್ಯಾವಂದನೆಗೆ ಸಮಯವಿಲ್ಲದವನಿಗೆ ಸೇವಾಸಂಘಕ್ಕೆ ಸಮಯವೆಲ್ಲಿಂದ ಬಂತು?” ಎನ್ನುತ್ತಾರೆ. ತರುಣರು, “ಜನರ ಸೇವೆಯೇ ಜನಾರ್ದನನ ಸೇವೆ. ಬೇರೆ ಪೂಜೆಯೇಕೆ?” ಎಂದು ತಿರುಗಿ ಕೇಳುತ್ತಾರೆ. ಎರಡೂ ನಮಗೆ ಒಪ್ಪಿಗೆಯಾಗುವುದಿಲ್ಲ.

ಜನರೇ ಜನಾರ್ದನರೆಂಬುದು ನಮ್ಮ ಸಿದ್ಧಾಂತವಲ್ಲ. ಜೀವನು ಎಂದಿಗೂ ದೇವನಲ್ಲ. ಹಸಿದವನಿಗೆ ಅನ್ನವಿಕ್ಕುವುದು ಅವನು ದೇವರೆಂದಲ್ಲ, ಅವನೊಳಗೆ ಬಿಂಬನಾಗಿ ಹರಿಯಿದ್ದಾನೆ, ಅವನೂ ಆ ಒಡೆಯನ ಪರಿವಾರದವನೇ ಎಂದು. ಇಷ್ಟನ್ನು ತರುಣರಿಗೆ ಹೇಳಿ ಹಿರಿಯರತ್ತ ತಿರುಗಿದರೆ, ಶ್ರೀಮದಾಚಾರ್ಯರ ಮತದಲ್ಲಿ ಭಜನೆಯು ಹತ್ತು ವಿಧವೆಂಬುದನ್ನು ಅವರಿಗೆ ನೆನಪಿಸಬೇಕಾಗುತ್ತದೆ. ವಾಕ್ಕಿನಿಂದ ನಾಲ್ಕು, ಮನಸ್ಸಿನಿಂದ ಮೂರು, ಕಾಯದಿಂದ ಮೂರು. ಕಾಯದಿಂದ ಮಾಡತಕ್ಕವು ಯಾವುವು? ದಾನ, ಆಪತ್ತಿನಲ್ಲಿದ್ದವರನ್ನು ಪಾರುಮಾಡುವುದು, ಆಶ್ರಯಿಸಿದವರನ್ನು ಕಾಪಾಡುವುದು. ಮನಸ್ಸಿನ ಭಜನೆಯಲ್ಲಿಯೂ ಮೊದಲು ಎಣಿಸುವುದು ದಯೆಯನ್ನೇ. ಹೀಗಿರಲು ಇದನ್ನು ಲೌಕಿಕವೆಂದು ಬದಿಗೊತ್ತುವುದು ಹೇಗೆ?

ಇದಕ್ಕಿಂತಲೂ ಮನನೀಯವಾದ ಮಾತೊಂದುಂಟು. ಗೀತೆಗೆ ಬರೆದ ವ್ಯಾಖ್ಯಾನದಲ್ಲಿ ಆಚಾರ್ಯರು ಜನಗಳ ಶುಶ್ರೂಷೆಯನ್ನು ಅರಸನಿಗೆ ಸಲ್ಲಿಸುವ ಕರಕ್ಕೆ ಹೋಲಿಸಿದ್ದಾರೆ. ಕರವೆಂದರೆ ಕಂದಾಯ. ನಾವು ‘ದಾನ ಮಾಡಿದೆವು’ ಎಂದು ಬೀಗುವ ವಸ್ತುವು ಅವರ ದೃಷ್ಟಿಯಲ್ಲಿ ದಾನವೇ ಅಲ್ಲ, ಬಾಕಿ! ಹೊಲ ಒಡೆಯನದು, ಬೆಳೆ ಒಡೆಯನದು, ಉಳುವ ತೋಳಿನ ಬಲವೂ ಅವನದು. ಅದರಲ್ಲಿ ಒಂದು ಪಾಲನ್ನು ಅವನ ಮಂದಿಗೆ ಹಿಂದಿರುಗಿಸುವವನು ಯಾರಿಂದ ಕೃತಜ್ಞತೆಯನ್ನು ಬೇಡಬೇಕು? ಕಂದಾಯ ಕಟ್ಟಿದ ರೈತನಿಗೆ ತಹಶೀಲ್ದಾರರು ಹಾರ ಹಾಕಿದ್ದನ್ನು ನಾವಂತೂ ಕಂಡಿಲ್ಲ. ಹಾಗೆಯೇ ಕರ ಸಲ್ಲಿಸಿದೆನೆಂದು ಅರಸನ ದರ್ಶನವೇ ಬೇಡವೆನ್ನುವ ಪ್ರಜೆಯೂ ಇಲ್ಲ. ಪೂಜೆ ಏಕೆಂದು ಕೇಳುವ ತರುಣರು ಇದನ್ನು ಗಮನಿಸಬೇಕು.

ಈ ಮಾತನ್ನು ನಾವು ಗ್ರಂಥದಿಂದ ಮಾತ್ರ ಕಲಿತೆವೆಂದರೆ ಸುಳ್ಳಾದೀತು. 2009ರ ಸೆಪ್ಟೆಂಬರ್ ಕೊನೆಯಲ್ಲಿ ಸುರಿದ ಮಳೆಗೆ ಕೃಷ್ಣೆ, ತುಂಗಭದ್ರೆಯರು ಉಕ್ಕಿ ಬಂದುದನ್ನೂ, ಅಕ್ಟೋಬರ್ 2ರಂದು ಮಂತ್ರಾಲಯದ ಮಠದೊಳಗೇ ನೀರು ನುಗ್ಗಿದುದನ್ನೂ ವಾಚಕರು ಮರೆತಿರಲಾರರು. ನದೀತೀರದ ಊರುಗಳ ಜನ ಉಟ್ಟ ಬಟ್ಟೆಯಲ್ಲಿ ಎತ್ತರದ ಸ್ಥಳಗಳನ್ನು ಸೇರಿದ್ದರು. ನಮ್ಮ ಮನೆಗಳ ಹೆಣ್ಣುಮಕ್ಕಳು ರಾತ್ರಿಯೆಲ್ಲ ಕುಳಿತು ಜೋಳದ ರೊಟ್ಟಿ ಬಡಿದರು, ಬೆಳಗಿನ ಜಾವದಲ್ಲಿ ಚಿತ್ರಾನ್ನ ಕಲಸಿದರು. ಲಾರಿ ಸಿದ್ಧವಾಯಿತು. ಆದರೆ ಸಂಘದ ಹೆಸರು ಬರೆಸಿದ ಬಟ್ಟೆ ಇನ್ನೂ ಬಂದಿರಲಿಲ್ಲ. ಬರಲಿ, ಒಂದು ಭಾವಚಿತ್ರವೂ ಆಗಲಿ ಎಂದು ಕಾದವರಲ್ಲಿ ನಾವೂ ಒಬ್ಬರು. ಎರಡು ಗಂಟೆ ಕಳೆಯಿತು. ಕೆಸರುದಾರಿಯಲ್ಲಿ ಲಾರಿ ತಲುಪಿದಾಗ ರೊಟ್ಟಿ ಉಳಿದಿತ್ತು, ಅನ್ನ ಹಳಸಿತ್ತು. ಕೈಯೊಡ್ಡಿ ನಿಂತಿದ್ದ ಮುದುಕಿಯೊಬ್ಬಳು ಪೊಟ್ಟಣ ಬಿಚ್ಚಿ, ಮೂಸಿ, ಏನೂ ಅನ್ನದೆ ಮಡಿಚಿ ಸೆರಗಿನಲ್ಲಿ ಇಟ್ಟುಕೊಂಡಳು. ಅವಳು ಬೈದಿದ್ದರೆ ನಮಗೆ ಸಮಾಧಾನವಾಗುತ್ತಿತ್ತು. ಲಾರಿಯ ಹಣೆಯ ಮೇಲೆ ನಮ್ಮ ಹೆಸರು ಮಾತ್ರ ಚೆನ್ನಾಗಿ ಕಾಣಿಸುತ್ತಿತ್ತು.

ಹೆಸರು ಹಾಕುವುದೇ ದೋಷವೆ? ಹಾಗೆನ್ನಲಾರೆವು. ಮಸ್ಕಿಯ ಬಂಡೆಯನ್ನೇ ನೋಡಿರಿ. 1915ರಲ್ಲಿ ಬಂಗಾರ ಹುಡುಕುತ್ತ ಬಂದ ಬೀಡನ್ ಎಂಬ ಗಣಿ ಎಂಜಿನಿಯರರಿಗೆ ಅಲ್ಲಿ ಸಿಕ್ಕಿದ್ದು ಶಾಸನ. ಅದುವರೆಗೆ ಬಿರುದುಗಳಿಂದಷ್ಟೇ ಪರಿಚಿತನಾಗಿದ್ದ ದೊರೆಯ ‘ಅಶೋಕ’ನೆಂಬ ಹೆಸರು ಆ ಬಂಡೆಯಿಂದ ಬೆಳಕಿಗೆ ಬಂತು. ಬೌದ್ಧ ದೊರೆಯ ಮಾತು ಇಲ್ಲೇಕೆಂದು ಕೆಲವರು ಹುಬ್ಬೇರಿಸಬಹುದು. ನಮ್ಮ ನೆರೆಯ ಊರಿನ ಕಲ್ಲೆಂಬ ಅಭಿಮಾನದಿಂದ ಹೇಳಿದೆವು. ದೊಡ್ಡವರಿಗಷ್ಟೇ ಅಲ್ಲ, ಸಣ್ಣವನಿಗೂ ಧರ್ಮದ ಫಲ ದೊರೆಯುವುದೆಂದು ಆ ಶಾಸನ ಸಾರುತ್ತದೆ. ಹೆಸರು ಕಂಡು ಹತ್ತು ಜನ ಮುಂದೆ ಬರುವುದಾದರೆ ಬರಲಿ. ಲೆಕ್ಕದ ಪುಸ್ತಕದಲ್ಲಿ ಕೊಟ್ಟವರ ಹೆಸರು ಇರಲೇಬೇಕು, ಅದು ಕಂದಾಯದ ರಸೀತಿ. ಆದರೆ ರಸೀತಿ ಅಚ್ಚಾಗುವವರೆಗೆ ಅನ್ನವನ್ನು ಹಳಸಲು ಬಿಡಬಾರದು.

ಕೊಡುವುದು ಹೇಗೆಂಬುದನ್ನು ತಿಳಿಯಲು ನಾವು ದೂರ ಹೋಗಬೇಕಿಲ್ಲ. ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಜನಿಸಿದ ಗೋಪಾಲದಾಸರ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಮುಂದೆ ಜಗನ್ನಾಥದಾಸರಾದ ಶ್ರೀನಿವಾಸಾಚಾರ್ಯರು ವಿದ್ಯೆಯ ಮದದಿಂದ ವಿಜಯದಾಸರನ್ನು ಕಡೆಗಣಿಸಿ, ಉದರವ್ಯಾಧಿಯಿಂದ ನರಳಿ, ಕಡೆಗೆ ಶರಣು ಬಂದಾಗ, ಗುರುಗಳ ಅಪ್ಪಣೆಯಂತೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದು ಸಂಪ್ರದಾಯದಲ್ಲಿ ಪ್ರಸಿದ್ಧವಾಗಿದೆ. ಪಡೆದವರು ಯಾರು? ತಮ್ಮ ಗುರುವನ್ನೇ ಹೀಗಳೆದವರು. ಪಾತ್ರನೋ ಅಪಾತ್ರನೋ ಎಂದು ಗೋಪಾಲದಾಸರು ವಾದಿಸಲಿಲ್ಲ. ಅಪ್ಪಣೆಯಾಯಿತು, ಸಲ್ಲಿಸಿದರು. ಆ ಜಗನ್ನಾಥದಾಸರ ಶಿಷ್ಯರೇ ನಮ್ಮ ಲಿಂಗಸುಗೂರಿನ ಪ್ರಾಣೇಶದಾಸರು.

ನಮ್ಮ ಕಾಲದಲ್ಲಿಯೂ ನಿದರ್ಶನವಿಲ್ಲದಿಲ್ಲ. 1977ರ ಚಂಡಮಾರುತದಲ್ಲಿ ಆಂಧ್ರದ ಕರಾವಳಿ ಕೊಚ್ಚಿಹೋದಾಗ ಪೇಜಾವರದ ಶ್ರೀವಿಶ್ವೇಶತೀರ್ಥರು ಹಂಸಲದೀವಿಯಲ್ಲಿ ಸಂತ್ರಸ್ತರಿಗೆ ಮನೆಗಳನ್ನು ಕಟ್ಟಿಸಿಕೊಟ್ಟರು. ಅದಕ್ಕಾಗಿ ಅವರ ಸಂಸ್ಥಾನ ಪೂಜೆಯೇನೂ ನಿಲ್ಲಲಿಲ್ಲ.

ಇನ್ನು ನಮ್ಮ ತರುಣರನ್ನು ಬಾಧಿಸುವ ಒಂದು ಸಂದೇಹ ಉಳಿದಿದೆ. ಏಕಾದಶಿಯ ದಿನ ಆಸ್ಪತ್ರೆಯ ಊಟದ ಸರದಿ ನಮ್ಮದಾದರೆ ಮಾಡುವುದೇನು? ಉಪವಾಸ ನಮ್ಮ ವ್ರತ. ಎಂಟು ವರ್ಷಕ್ಕೆ ಮೇಲ್ಪಟ್ಟು ಎಂಬತ್ತರೊಳಗಿನ ಶಕ್ತರಾದ ನಮ್ಮನ್ನು ಅದು ಕಟ್ಟಿಹಾಕುತ್ತದೆ. ಗಣಿಯ ಪಾಳಿ ಮುಗಿಸಿ ರೋಗಿಯ ಮಂಚದ ಬಳಿ ರಾತ್ರಿ ಕಳೆಯಬೇಕಾದವನ ಮೇಲೆ ನಮ್ಮ ವ್ರತವನ್ನು ಹೇರುವುದಕ್ಕೆ ಯಾವ ಆಧಾರವೂ ನಮಗೆ ತೋರುವುದಿಲ್ಲ. ಸರದಿಯನ್ನು ಬೇರೆಯವರೊಡನೆ ಬದಲಾಯಿಸಿಕೊಳ್ಳಲು ಸಾಧ್ಯವಾದರೆ ಉತ್ತಮ. ಸಾಧ್ಯವಾಗದಿದ್ದರೆ?

ಕಳೆದ ವರ್ಷ ಹಾಗೆಯೇ ಆಯಿತು. ಸರದಿ ಬದಲಾಗಲಿಲ್ಲ. ನಮ್ಮ ಪರಿಚಯದ ಮನೆಯೊಂದರ ಹಿರಿಯ ಸೊಸೆ ದೇವರ ಮನೆಯ ಬಾಗಿಲು ಮುಚ್ಚಿ, ಹಿತ್ತಲಿನ ಒಲೆ ಹೊತ್ತಿಸಿ, ಮೂವತ್ತು ಜನರ ಅಡುಗೆ ಮಾಡಿದರು. ಹುಳಿಗೆ ಉಪ್ಪು ಸರಿಯಾಯಿತೇ ಎಂದು ನೋಡುವವರು ಮನೆಯಲ್ಲಿ ಯಾರೂ ಇರಲಿಲ್ಲ. ಆರು ವರ್ಷದ ಮೊಮ್ಮಗ ರುಚಿ ನೋಡಿ, “ಅಜ್ಜಿ, ಸ್ವಲ್ಪ ಸಪ್ಪಗಿದೆ” ಎಂದನು. ಒಂದು ಹಿಡಿ ಉಪ್ಪು ಬಿತ್ತು, ಪಾತ್ರೆಗಳು ಹೋದವು. ಅವರು ಮರುದಿನ ಪಾರಣೆಯವರೆಗೆ ತೀರ್ಥವನ್ನುಳಿದು ಬೇರೇನನ್ನೂ ಸ್ವೀಕರಿಸಲಿಲ್ಲ.

॥ ಶ್ರೀಕೃಷ್ಣಾರ್ಪಣಮಸ್ತು ॥