ಗಾಜಿನ ಹಿಂದಣ ದೀಪ



ಕಡೂರು, ತರೀಕೆರೆ, ಅಜ್ಜಂಪುರಗಳ ಸುತ್ತಣ ಹಳ್ಳಿಗಳ ಹೆಂಚಿನ ಮನೆಗಳಲ್ಲಿ ಒಲೆಯ ಮೇಲ್ಗಡೆ ಒಂದು ಗಾಜಿನ ಹೆಂಚನ್ನು ಹೊದಿಸುವದುಂಟು. ಹಗಲಲ್ಲಿ ಅದು ಅಡಿಗೆಮನೆಯನ್ನು ಬೆಳಗಿಸುವದು. ರಾತ್ರಿಯಲ್ಲಿ ಮಿಕ್ಕ ಹೆಂಚುಗಳಂತೆಯೇ ಕಪ್ಪಾಗುವದು. ಗಾಜಿಗೆ ಸ್ವಂತ ಬೆಳಕಿಲ್ಲವೆಂಬದು ಇದರಿಂದ ಮಕ್ಕಳಿಗೂ ತಿಳಿಯುವದು. ಹಾಗಾದರೆ ಹಳೆಯ ಕಟ್ಟಡದಿಂದ ಬಿಡಿಸಿದ ಬಣ್ಣದ ಗಾಜಿನ ಚಿತ್ರಕ್ಕೆ ಚೌಕಟ್ಟು ಹಾಕಿ, ಮನೆಯ ಗೋಡೆಗೆ ನಿಲ್ಲಿಸಿ, ಹಿಂದೆ ದೀಪವನ್ನಿಟ್ಟು ನೋಡುವದು ಯುಕ್ತವೋ ಅಯುಕ್ತವೋ?

ಮೊದಲು ಆ ಗಾಜು ಎಂಥದೆಂದು ತಿಳಿಯೋಣ. ಅದರ ಬಣ್ಣವು ಮೇಲೆ ಬಳಿದದ್ದಲ್ಲ. ಗಾಜನ್ನು ಕರಗಿಸುವಾಗಲೇ ಲೋಹಗಳನ್ನು ಬೆರಸುವರು. ಕೋಬಾಲ್ಟಿನಿಂದ ನೀಲಿಯೂ, ತಾಮ್ರದಿಂದಾಗಲಿ ಚಿನ್ನದಿಂದಾಗಲಿ ಕೆಂಪೂ ಉಂಟಾಗುವದು. ಮುಖದ ಗೆರೆ, ಬಟ್ಟೆಯ ನೆರಿಗೆ ಮುಂತಾದವುಗಳನ್ನು ಮಾತ್ರ ಮೇಲೆ ಬರೆದು ಕುಲುಮೆಯಲ್ಲಿ ಸುಡುವರು. ಅನಂತರ ತುಂಡುಗಳನ್ನು ಸೀಸದ ಪಟ್ಟಿಗಳಿಂದ ಜೋಡಿಸುವರು. 1912ರಲ್ಲಿ ಮುಗಿದ ಮೈಸೂರಿನ ಅರಮನೆಯ ಕಲ್ಯಾಣಮಂಟಪದಲ್ಲಿ ನವಿಲುಗಳುಳ್ಳ ಗಾಜಿನ ಮೇಲ್ಛಾವಣಿಯಿದೆ. 1933ರಲ್ಲಿ ಅಸ್ತಿವಾರ ಹಾಕಿದ ಅಲ್ಲಿನ ಸಂತ ಫಿಲೋಮಿನಾ ದೇವಾಲಯದ ಕಿಟಕಿಗಳಲ್ಲಿ ಕ್ರಿಸ್ತನ ಚರಿತ್ರೆಯ ಚಿತ್ರಗಳಿವೆ. ಇವು ಒಬ್ಬನಿಗಾಗಿ ಅಲ್ಲ, ಬರುವವರೆಲ್ಲರಿಗಾಗಿ ಆದವುಗಳು.

ಸೂರ್ಯನ ಸ್ಥಾನದಲ್ಲಿ ದೀಪವನ್ನಿಡುವದು ಕಪಟವಲ್ಲವೇ ಎಂದು ಕೆಲವರು ಕೇಳಬಹುದು. ಅಲ್ಲ. ಹಾಡುವವನ ಹಿಂದೆ ಕುಳಿತು ಶ್ರುತಿ ಹಿಡಿಯುವವನು ಯಾರನ್ನೂ ಮೋಸಗೊಳಿಸುವದಿಲ್ಲ. ದೋಷವಿದ್ದರೆ ಅದು ದೀಪದಲ್ಲಿಲ್ಲ. ಚಿತ್ರವು ಹೇಗೆ ಬಂತು, ಹೇಗೆ ಕಾಯಲ್ಪಡುವದು, ಯಾರಿಗಾಗಿ ಬೆಳಗುವದು ಎಂಬ ಮೂರರಲ್ಲಿದೆ.

ಹೇಗೆ ಬಂತು? 1643ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ವಿಗ್ರಹಾರಾಧನೆಯ ಗುರುತುಗಳನ್ನು ತೆಗೆಯಬೇಕೆಂದು ಆಜ್ಞಾಪಿಸಲು, ವಿಲಿಯಂ ಡೌಸಿಂಗನೆಂಬವನು ಸಫೊಕ್ ಮತ್ತು ಕೇಂಬ್ರಿಜ್ ಸೀಮೆಗಳ ದೇವಾಲಯಗಳಲ್ಲಿ ಇಂಥ ಕಿಟಕಿಗಳನ್ನು ಒಡೆಯಿಸಿದನು. ಅವನು ನಮ್ಮಂತೆಯೇ ಪ್ರೊಟೆಸ್ಟಂಟನಾಗಿದ್ದನೆಂಬದನ್ನು ನಾವು ಮರೆಯಬಾರದು. 1939ರಲ್ಲಿ ಯುದ್ಧದ ಭಯದಿಂದ ಫ್ರಾನ್ಸಿನ ಷಾರ್ತ್ರ್ ಊರಿನ ಮಹಾದೇವಾಲಯದ ಕಿಟಕಿಗಳನ್ನೂ ಬಿಚ್ಚಿದರು. ಆದರೆ ಜೋಪಾನವಾಗಿಟ್ಟು, ಯುದ್ಧವು ತೀರಿದ ಮೇಲೆ ಸ್ವಸ್ಥಾನಕ್ಕೆ ಸೇರಿಸಿದರು. ಆದದರಿಂದ ಗೋಡೆಯಿಂದ ಬಿಡಿಸುವದೇ ಪಾಪವಲ್ಲ. ಯಾರಿಗೆ ಸೇರತಕ್ಕದ್ದೋ ಅವರನ್ನು ಮರೆಯುವದೇ ಪಾಪ. ನಮ್ಮ ದೇಶದ 1972ರ ಪುರಾತನ ವಸ್ತುಗಳ ಕಾನೂನಿನ ಮೇರೆಗೆ, ಕಟ್ಟಡದಿಂದ ಬಿಡಿಸಿದ ನೂರು ವರುಷಕ್ಕೆ ಕಡಿಮೆಯಿಲ್ಲದ ವಸ್ತುವೂ ಪುರಾತನ ವಸ್ತುವೇ. ಖಾಸಗಿಯವರು ಅದನ್ನು ಪರದೇಶಕ್ಕೆ ಕಳುಹಿಸಕೂಡದು. ಕೊಳ್ಳುವವನು ಕ್ರಯವನ್ನು ಕೇಳುವದಕ್ಕೆ ಮೊದಲು ಮೂಲವನ್ನು ಕೇಳಲಿ. ಅದು ಕಳವಾದದ್ದೆಂದು ತಿಳಿದರೆ, ಅದನ್ನು ಕಳಕೊಂಡ ಸಭೆಗೆ ಅಥವಾ ಮನೆತನಕ್ಕೆ ಹಿಂದಕ್ಕೆ ಕೊಡತಕ್ಕದ್ದು. ಎಷ್ಟು ಚಂದವಾಗಿ ಬೆಳಗಿಸಿದರೂ ಕಳವು ನ್ಯಾಯವಾಗದು.

ಹೇಗೆ ಕಾಯಲ್ಪಡುವದು? ಮುಚ್ಚಿದ ಪೆಟ್ಟಿಗೆಯಲ್ಲಿ ತಂತಿಯ ಹಳೆಯ ಬಲ್ಬನ್ನು ಉರಿಸಿದರೆ ಬಿಸಿಯಿಂದ ಸೀಸವು ಹಿಗ್ಗುವದು, ಗಾಜು ಬಿರಿಯಬಹುದು. ಕಡಿಮೆ ಬಿಸಿಯ ಎಲ್‌ಇಡಿ ದೀಪಗಳನ್ನು ಹಿಂದೆ ಸಾಲಾಗಿಟ್ಟು, ನಡುವೆ ಹಾಲುಬಿಳುಪಿನ ಹಲಗೆಯನ್ನು ನಿಲ್ಲಿಸತಕ್ಕದ್ದು. ದೀಪಕ್ಕೂ ಹಲಗೆಗೂ, ಹಲಗೆಗೂ ಗಾಜಿಗೂ ಅಂತರವಿರಲಿ, ಗಾಳಿಯಾಡುವದಕ್ಕೆ ರಂಧ್ರಗಳಿರಲಿ. ಆಗ ದೀಪದ ಚುಕ್ಕೆಗಳು ಕಾಣದೆ ಬೆಳಕು ಸಮನಾಗಿ ಹರಡುವದು. ಸೀಸವು ಮೆತ್ತಗಿರುವದರಿಂದ ಭಾರವನ್ನು ಚೌಕಟ್ಟಿನ ಕೆಳಭಾಗವೇ ಹೊರಬೇಕು. ಧೂಳನ್ನು ಮೃದುವಾದ ಒಣ ಕುಂಚದಿಂದ ತೆಗೆಯಬೇಕು. ಮೇಲೆ ಬರೆದ ಗೆರೆಗಳು ಏಳುತ್ತಿದ್ದರೆ ಅದನ್ನೂ ಮಾಡದೆ ಬಲ್ಲವರಿಗೆ ತೋರಿಸಬೇಕು. ಸೀಸವು ವಿಷವಾದದರಿಂದ ಮುಟ್ಟಿದ ಕೈಗಳನ್ನು ತೊಳೆಯದೆ ಉಣ್ಣಬಾರದು.

ಯಾರಿಗಾಗಿ ಬೆಳಗುವದು? ಸೂರ್ಯನು ಯಾರ ಅಪ್ಪಣೆಯನ್ನೂ ಕೇಳದೆ ಕಿಟಕಿಯನ್ನು ಬೆಳಗುವನು. ಮನೆಯ ದೀಪದ ಗುಂಡಿಯಾದರೋ ಯಜಮಾನನ ಬೆರಳಲ್ಲಿದೆ. ಅವನ ಪರೀಕ್ಷೆಯು ಅಲ್ಲಿಯೇ. ಧನಿಕರು ಬಂದಾಗ ಮಾತ್ರ ಹೊತ್ತಿಸಿದರೆ ಅವನು ತೋರಿಸುವದು ಚಿತ್ರವನ್ನಲ್ಲ, ತನ್ನನ್ನೇ. ನೆರೆಮನೆಯ ಕೂಲಿಯವಳ ಮಗುವು ಬಾಗಿಲಲ್ಲಿ ಇಣಿಕಿದಾಗಲೂ ಹೊತ್ತಿಸಿದರೆ, ಎಲ್ಲರಿಗಾಗಿ ಆದ ಗಾಜು ತನ್ನ ಕೆಲಸವನ್ನು ಮತ್ತೆ ಮಾಡುವದು.

ಇನ್ನೊಂದು ಮಾತುಂಟು. ಮುಂಗಡೆಯ ಕೋಣೆಯ ದೀಪವು ಪ್ರಖರವಾಗಿದ್ದರೆ ಗಾಜಿನ ಬಣ್ಣವು ಮಾಸಿದಂತೆ ತೋರುವದು. ಅದನ್ನು ತಗ್ಗಿಸಿದರೆ ಚಿತ್ರವು ಎದ್ದು ಕಾಣುವದು. ಹೀಗಿರಲಾಗಿ ಹಳೆಯ ಒಡವೆಯನ್ನು ಕಾಯುವವನು ತನ್ನ ಹೊಳಪನ್ನು ತಗ್ಗಿಸಿಕೊಂಡು, ತಾನು ಒಡೆಯನಲ್ಲ, ಪಾರುಪತ್ಯಗಾರನೆಂದು ತಿಳಿದು ನಡಕೊಳ್ಳಲಿ.