ಗೊಮೋರಕ್ಕೆ ಹೋದವರೇ ಮನ್ನವನ್ನೂ ಹೊತ್ತರು

ಇವತ್ತು ಒಂದು ವಾಟ್ಸಾಪ್ ಮೆಸೇಜಿನಿಂದ ಶುರು ಮಾಡ್ತೀನಿ.

ನಮ್ಮ ಯೂತ್ ಕೂಟದ ಒಬ್ಬ ತಮ್ಮ ಆಫೀಸ್ ಕೆಲಸದ ಮೇಲೆ ಲಂಡನ್ನಿಗೆ ಹೋಗಿದ್ದಾನೆ. ಹೋದ ತಿಂಗಳು ಒಂದು ಫೋಟೋ ಕಳಿಸಿದ. ಗ್ರೀನ್ ಪಾರ್ಕ್ ಅನ್ನೋ ಉದ್ಯಾನದ ಅಂಚಿನಲ್ಲಿ ಕಲ್ಲುಕಂಬಗಳ ಒಂದು ಮಂಟಪ, ಒಳಗೆ ಏಳು ಜನ ಯುವಕರ ದೊಡ್ಡ ಕಂಚಿನ ಪ್ರತಿಮೆ. ಮೈಮೇಲೆ ವಿಮಾನದವರ ದಪ್ಪ ಉಡುಪು. ಕಾಲ ಬಳಿ ಕೆಂಪು ಹೂಗಳ ಹಾರ. ಕೆಳಗೆ ಹೀಗೆ ಬರೆದಿದ್ದ: "ಪಾಸ್ಟರಣ್ಣ, ಇವರು ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಮೇಲೆ ಬಾಂಬ್ ಹಾಕಿದವರಂತೆ. ಇಲ್ಲಿ ಜನ ತಲೆ ಬಗ್ಗಿಸಿ ನಿಲ್ತಾರೆ. ನಾನೂ ನಿಂತೆ. ಆಮೇಲೆ ಏನೋ ಒಂಥರಾ ಆಯ್ತು. ನಾನು ನಿಂತಿದ್ದು ಸರೀನಾ?"

ಆಗ ನಾನು ಮಾರತ್ತಹಳ್ಳಿ ಸಿಗ್ನಲ್‌ನಲ್ಲಿದ್ದೆ. ಕೈಮುಗಿಯೋ ಒಂದು ಚಿತ್ರ ಒತ್ತಿ ಸುಮ್ಮನಾದೆ. ಪಾಸ್ಟರುಗಳಿಗೆ ಆ ಚಿತ್ರ ತುಂಬಾ ಉಪಯೋಗಕ್ಕೆ ಬರುತ್ತೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ವಾರದ ದಿನಗಳಲ್ಲಿ ನಾನೂ ನಿಮ್ಮ ಹಾಗೇ ಕೆಲಸಕ್ಕೆ ಹೋಗೋನು. ರಾತ್ರಿ ಕೂತು ಓದಿದೆ. ಉತ್ತರ ಕೊಡೋಕೆ ಮೂರು ವಾರ ಹಿಡೀತು.

ನಮ್ಮಲ್ಲಿ ಕೆಲವರು ತಕ್ಷಣ ಹೇಳ್ತಾರೆ, ಪ್ರತಿಮೆ ಮುಂದೆ ನಿಲ್ಲೋದೇ ತಪ್ಪು, ಮುಗೀತು ಅಂತ. ಪ್ರಿಯರೇ, ಅವನು ಆರಾಧನೆ ಮಾಡಲಿಲ್ಲ, ಸತ್ತವರಿಗಾಗಿ ಪ್ರಾರ್ಥನೆಯನ್ನೂ ಮಾಡಲಿಲ್ಲ. ಯೊರ್ದನ್ ದಾಟಿದ ಮೇಲೆ ಹನ್ನೆರಡು ಕಲ್ಲು ನಿಲ್ಲಿಸಿದ್ದು ಯೆಹೋಶುವನೇ ಅಲ್ವಾ? ಮುಂದೆ ಮಕ್ಕಳು "ಈ ಕಲ್ಲು ಯಾಕೆ" ಅಂತ ಕೇಳಲಿ ಅಂತಲೇ ನಿಲ್ಲಿಸಿದ್ದು. ನಮ್ಮ ತಮ್ಮ ಅದನ್ನೇ ಕೇಳಿದಾನೆ. ಅವನ ಪ್ರಶ್ನೆ ಪ್ರತಿಮೆಯದ್ದಲ್ಲ. ಧೈರ್ಯ ದೊಡ್ಡದು, ಆದರೆ ಆ ಧೈರ್ಯದಿಂದ ಮಾಡಿದ ಕೆಲಸ ಭಯಂಕರ. ಅಂಥವರನ್ನು ಗೌರವಿಸಬಹುದಾ ಅನ್ನೋದು ಅವನ ಪ್ರಶ್ನೆ.

ಮೊದಲು ಆ ಏಳು ಜನ ಯಾರು ಅಂತ ನೋಡಿ. ಬ್ರಿಟಿಷ್ ವಾಯುಪಡೆಯ ಬಾಂಬರ್ ಕಮಾಂಡ್. ಅದರ ಲ್ಯಾಂಕಾಸ್ಟರ್ ವಿಮಾನದಲ್ಲಿ ಏಳು ಜನ ಇರ್ತಿದ್ದರು: ಪೈಲಟ್, ಎಂಜಿನಿಯರ್, ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್, ವೈರ್‌ಲೆಸ್ ಆಪರೇಟರ್, ಬಾಂಬ್ ಗುರಿ ಇಡುವವನು, ಬೆನ್ನ ಮೇಲೊಬ್ಬ, ಬಾಲದಲ್ಲೊಬ್ಬ ಗನ್ನರ್. ಬಾಲದಲ್ಲಿ ಕೂತವನು ಕೊರೆಯುವ ಚಳಿಯಲ್ಲಿ ಗಂಟೆಗಟ್ಟಲೆ ಒಬ್ಬನೇ ಕತ್ತಲೆ ನೋಡ್ತಾ ಕೂರಬೇಕು. ಎಲ್ಲರೂ ತಾವಾಗಿ ಹೆಸರು ಕೊಟ್ಟು ಬಂದವರು. ಬಹಳಷ್ಟು ಜನರ ವಯಸ್ಸು ಇಪ್ಪತ್ತರ ಆಸುಪಾಸು. ಒಂದು ಸುತ್ತು ಅಂದರೆ 30 ದಾಳಿ. ಅಷ್ಟು ಮುಗಿಸಿದರೆ ಸ್ವಲ್ಪ ಕಾಲ ಬಿಡುವು. ಸುಮಾರು 1,25,000 ಜನ ಹಾರಿದರು, 55,573 ಜನ ಸತ್ತರು. ಈ ಹಾಲ್‌ನಲ್ಲಿ ಕೂತಿರುವ ನಿಮ್ಮಲ್ಲಿ ಹತ್ತಕ್ಕೆ ನಾಲ್ಕು ಕುರ್ಚಿಗಿಂತ ಹೆಚ್ಚು ಖಾಲಿ ಅಂದುಕೊಳ್ಳಿ. ಇನ್ನು ಹಾರೋಕೆ ಆಗಲ್ಲ ಅಂದವನ ಕಡತದಲ್ಲಿ ಮೂರು ಅಕ್ಷರ ಬೀಳ್ತಿತ್ತು: ಎಲ್.ಎಂ.ಎಫ್. ಅಂದರೆ ಇವನಿಗೆ ನೈತಿಕ ಬಲ ಸಾಲದು ಅಂತ. ನರ ಸೋತು ಹೋದ ಹುಡುಗನಿಗೆ ಕೊಟ್ಟ ಹೆಸರು ಅದು. ಹಾರೋದಕ್ಕಿಂತ ಆ ಮೂರು ಅಕ್ಷರಕ್ಕೇ ಹೆದರಿದವರೂ ಇದ್ದರು.

ಈಗ ಅವರು ಮಾಡಿದ್ದು. 1943ರ ಜುಲೈ ಕೊನೆಯಲ್ಲಿ ಹ್ಯಾಂಬರ್ಗ್ ನಗರದ ಮೇಲೆ ಸಾಲು ಸಾಲು ದಾಳಿ ಆಯ್ತು. ಜುಲೈ 27ರ ರಾತ್ರಿ ಸಣ್ಣ ಸಣ್ಣ ಬೆಂಕಿಗಳೆಲ್ಲ ಕೂಡಿ ಒಂದೇ ಬೆಂಕಿ ಬಿರುಗಾಳಿ ಆಗಿ, ಬೀದಿಯಲ್ಲಿ ಓಡ್ತಿದ್ದವರನ್ನು ಗಾಳಿಯೇ ಎಳೆದುಕೊಳ್ತು. ನೆಲಮಾಳಿಗೆಯಲ್ಲಿ ಅಡಗಿದವರು ಉಸಿರಾಡೋಕೆ ಗಾಳಿ ಇಲ್ಲದೆ ಸತ್ತರು. ಆ ದಾಳಿಗಳಲ್ಲಿ ಸತ್ತವರು 35,000ದಿಂದ 40,000 ಅಂತ ಅಂದಾಜು. ಹೆಂಗಸರು, ಮಕ್ಕಳು, ವಯಸ್ಸಾದವರು. ಈ ಕಾರ್ಯಾಚರಣೆಗೆ ಇಟ್ಟ ಹೆಸರು ಕೇಳಿ: ಆಪರೇಷನ್ ಗೊಮೋರ.

ಹೆಸರು ನಮ್ಮ ಪುಸ್ತಕದ್ದು. ಓದಿದಾಗ ನನಗೆ ನಾಚಿಕೆ ಆಯ್ತು. ಯಾಕಂದ್ರೆ ಆದಿಕಾಂಡ 19 ಗೊತ್ತಿದ್ದವರೇ ಆ ಹೆಸರು ಇಟ್ಟಿರಬೇಕು. ಅವರು 18ನೇ ಅಧ್ಯಾಯ ಬಿಟ್ಟು ಓದಿದ್ದರು. ಅಲ್ಲಿ ಅಬ್ರಹಾಮ ದೇವರ ಮುಂದೆ ನಿಂತು ಸಂತೆಯಲ್ಲಿ ಚೌಕಾಸಿ ಮಾಡೋರ ಹಾಗೆ ಐವತ್ತು, ನಲವತ್ತೈದು, ನಲವತ್ತು, ಮೂವತ್ತು, ಇಪ್ಪತ್ತು, ಹತ್ತು ಅಂತ ಇಳಿಸ್ತಾ ಬರ್ತಾನೆ. ದೇವರು ಪ್ರತಿ ಸಲ ಒಪ್ಕೋತಾನೆ. ಹತ್ತು ಜನ ನೀತಿವಂತರು ಇದ್ದರೂ ಊರು ಉಳಿಸ್ತೀನಿ ಅಂತಾನೆ. ಹ್ಯಾಂಬರ್ಗಿನಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ಆ ಮೇಜಿನ ಮೇಲೆ ಯಾರು ಎಣಿಸಿದರು? ಲೋಟನ ಕೈ ಹಿಡಿದು ಹೊರಗೆ ಕರೆತರೋಕೆ ಯಾವ ದೂತ ಹೋದ?

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಊರುಗಳ ಮೇಲೆ ಬಾಂಬ್ ಹಾಕೋದನ್ನ ಈ ಹುಡುಗರು ಶುರು ಮಾಡಿದ್ದಲ್ಲ. ವಾರ್ಸಾ, ರಾಟರ್‌ಡ್ಯಾಮ್, ಲಂಡನ್ ಮೊದಲೇ ಉರಿದಿದ್ದವು. 1940ರ ನವೆಂಬರ್ 14ರ ರಾತ್ರಿ ಕಾವೆಂಟ್ರಿ ಪಟ್ಟಣ, ಅದರ ಹಳೆಯ ಕೆಥೆಡ್ರಲ್ ಜರ್ಮನ್ ಬಾಂಬಿಗೆ ಹಾಳಾಯ್ತು. ಹಿಟ್ಲರನ ಜರ್ಮನಿ ಗೆದ್ದಿದ್ದರೆ ಲೋಕ ಏನಾಗ್ತಿತ್ತು ಅಂತ ಯೋಚಿಸಿದರೆ, ಯುದ್ಧವೇ ಬೇಡವಾಗಿತ್ತು ಅನ್ನೋಕೆ ನನ್ನ ಬಾಯಿ ಬರಲ್ಲ. ಆದರೆ ಕಾವೆಂಟ್ರಿಯವರು ಏನು ಮಾಡಿದರು ನೋಡಿ. ಮುರಿದ ಗೋಡೆಯ ಮೇಲೆ, ಶಿಲುಬೆಯಲ್ಲಿ ಯೇಸು ಮಾಡಿದ ಕ್ಷಮೆಯ ಪ್ರಾರ್ಥನೆ ಕೆತ್ತಿಸಿದರು. "ಅವರಿಗೆ" ಅನ್ನೋ ಮಾತನ್ನು ಮಾತ್ರ ಬಿಟ್ಟರು. ಬಾಂಬ್ ಬಿದ್ದ ಊರಿನವರು, ಕ್ಷಮೆ ಬೇಕಾದವರ ಪಟ್ಟಿಯಲ್ಲಿ ತಮ್ಮನ್ನೂ ಸೇರಿಸಿಕೊಂಡರು.

ಮಾತಾಡಿದವರೇ ಇಲ್ಲ ಅಂದುಕೊಳ್ಳಬೇಡಿ. 1944ರ ಫೆಬ್ರವರಿ 9ರಂದು, ಯುದ್ಧ ಇನ್ನೂ ನಡೀತಿರುವಾಗಲೇ, ಚಿಚೆಸ್ಟರ್‌ನ ಬಿಷಪ್ ಜಾರ್ಜ್ ಬೆಲ್ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಎದ್ದು ನಿಂತರು. ಇಡೀ ಊರುಗಳನ್ನು ಹೀಗೆ ಸುಡೋದು ಯಾವ ನ್ಯಾಯ ಅಂತ ಸರ್ಕಾರವನ್ನೇ ಕೇಳಿದರು. ಹಿಟ್ಲರನನ್ನು ಮೊದಲಿಂದಲೂ ವಿರೋಧಿಸಿದ ಮನುಷ್ಯ ಅವರು. ಭಾಷಣದ ಆರಂಭದಲ್ಲೇ ಒಂದು ವಿಷಯ ಸ್ಪಷ್ಟ ಮಾಡಿದರು: ನನ್ನ ಆಕ್ಷೇಪ ನೀತಿಯ ಮೇಲೆ, ಅಪಾಯದಲ್ಲಿ ಹಾರುವ ಪೈಲಟ್, ಗನ್ನರ್, ಸಿಬ್ಬಂದಿಯ ಮೇಲಲ್ಲ ಅಂತ. ಈ ವಿಂಗಡಣೆ ನನಗೆ ಇಷ್ಟ. ಆದರೆ ಪೂರ್ತಿ ಒಪ್ಪಲಾರೆ. ಆಜ್ಞೆ ಪಾಲಿಸಿದೆ ಅಂದಕೂಡಲೇ ಮನಸ್ಸಾಕ್ಷಿ ಕೆಲಸ ನಿಲ್ಲಿಸುತ್ತಾ? ಬಾಂಬಿನ ಗುಂಡಿ ಒತ್ತಿದವನು ಮೂರ್ನಾಲ್ಕು ಮೈಲಿ ಮೇಲಿದ್ದ. ಕೆಳಗೆ ಅವನಿಗೆ ಕಂಡಿದ್ದು ಬೆಳಕಿನ ಚುಕ್ಕೆಗಳು. ನಾವೂ ಸ್ಕ್ರೀನಿನಲ್ಲಿ ಚುಕ್ಕೆ ನೋಡೋ ಪೀಳಿಗೆ, ಚುಕ್ಕೆಯ ಹಿಂದೆ ಮುಖ ಇದೆ ಅಂತ ಮರೆಯೋದು ಎಷ್ಟು ಸುಲಭ ಅಂತ ನಮಗೆ ಗೊತ್ತು.

ಕಳಿಸಿದವರು ಏನು ಮಾಡಿದರು? ಇದು ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು. 1945ರ ಫೆಬ್ರವರಿಯಲ್ಲಿ ಡ್ರೆಸ್ಡೆನ್ ನಗರ ಸುಟ್ಟು ಸುಮಾರು 25,000 ಜನ ಸತ್ತರು. ಮಾರ್ಚ್ 28ಕ್ಕೆ ಪ್ರಧಾನಿ ಚರ್ಚಿಲ್ ಒಂದು ಟಿಪ್ಪಣಿ ಬರೆದು, ಹೆದರಿಕೆ ಹುಟ್ಟಿಸೋಕಂತಲೇ ಊರುಗಳನ್ನು ಸುಡೋದು ಇನ್ನು ಸಾಕೇನೋ, ಮತ್ತೆ ಯೋಚಿಸಬೇಕು ಅಂದರು. ತಾವೇ ಒಪ್ಪಿ ನಡೆಸಿದ ಕೆಲಸ! ಸೇನೆಯ ಮುಖ್ಯಸ್ಥರು ಆಕ್ಷೇಪಿಸಿದ ಮೇಲೆ ಅದನ್ನು ವಾಪಸ್ ತಗೊಂಡು, ಮೆತ್ತಗೆ ಬೇರೆ ಬರೆದರು. ಯುದ್ಧ ಮುಗಿದ ಮೇಲೆ ಬಾಂಬರ್ ಕಮಾಂಡಿಗೆ ಅಂತ ಪ್ರತ್ಯೇಕ ಪದಕ ಕೊಡಲಿಲ್ಲ. ಪದಕದ ಪಟ್ಟಿಗೆ ಹಾಕಿಕೊಳ್ಳೋ ಒಂದು ಚಿಕ್ಕ ಲೋಹದ ಪಟ್ಟಿ ಸಿಕ್ಕಿದ್ದು 2013ರಲ್ಲಿ. ನಮ್ಮ ತಮ್ಮ ನಿಂತ ಆ ಸ್ಮಾರಕ ಎದ್ದಿದ್ದೇ 2012ರ ಜೂನ್ 28ಕ್ಕೆ. ಅಷ್ಟರಲ್ಲಿ ಬದುಕಿದ್ದವರಿಗೆಲ್ಲ ತೊಂಬತ್ತರ ಹತ್ತಿರ ವಯಸ್ಸು.

ಯಾಜಕಕಾಂಡ 16ರಲ್ಲಿ ಒಂದು ಹೋತ ಇದೆ, ನೆನಪಿದೆಯಾ? ಊರಿನವರ ಪಾಪವನ್ನೆಲ್ಲ ಅದರ ತಲೆ ಮೇಲೆ ಹೊರಿಸಿ ಅಡವಿಗೆ ಅಟ್ಟುತ್ತಾರೆ. ಒಂದು ದೇಶ ತನ್ನ ಇಪ್ಪತ್ತು ವರ್ಷದ ಮಕ್ಕಳಿಗೆ ಇದನ್ನು ಮಾಡಿತು. ಬೇಕಾದಾಗ ಕೈ ತಟ್ಟಿ ಕಳಿಸ್ತು, ನಾಚಿಕೆ ಆದಾಗ ಅವರ ತಲೆ ಮೇಲೆ ಹೊರಿಸ್ತು. 2019ರ ಜನವರಿಯಲ್ಲಿ ಆ ಕಂಚಿನ ಹುಡುಗರ ಮೇಲೆ ಯಾರೋ ಬಿಳಿ ಬಣ್ಣ ಎರಚಿ ಹೋದರು. ಆಜ್ಞೆಗೆ ಸಹಿ ಹಾಕಿದ ಮೇಜು ಎಲ್ಲೋ ಇದೆ. ಬಣ್ಣ ಬಿದ್ದದ್ದು ಹೋತದ ಮೇಲೆ.

ಇಲ್ಲಿ ನನ್ನದೊಂದು ಸಾಕ್ಷಿ ಹೇಳಬೇಕು. ಹೇಳೋದಾ ಬೇಡವಾ ಅಂತ ತುಂಬಾ ಯೋಚಿಸಿದೆ. ನಮ್ಮಪ್ಪ ಲಾರಿ ಓಡಿಸ್ತಿದ್ದರು. ಕುಡಿದು ಬಂದ ರಾತ್ರಿ ಅಮ್ಮನ ಮೇಲೆ ಕೈ ಮಾಡ್ತಿದ್ದರು. ನನ್ನ ಫೀಸಿಗೋಸ್ಕರ ನಿದ್ದೆಗೆಟ್ಟು ಪುಣೆ ತನಕ ಲೋಡ್ ಹೊಡೆದವರೂ ಅವರೇ. ಅವರನ್ನು ಮಣ್ಣು ಮಾಡಿದ ದಿನ ಕೂಟದಲ್ಲಿ ನಾನೇ ಮಾತಾಡಿದೆ. ಲಾರಿ, ನಿದ್ದೆ, ಫೀಸು, ಎಲ್ಲ ಹೇಳಿದೆ. ಜನ ಕಣ್ಣೊರೆಸಿಕೊಂಡರು. ಅಮ್ಮ ನೆಲ ನೋಡ್ತಾ ಕೂತಿದ್ದರು. ಮನೆಗೆ ಬಂದ ಮೇಲೆ ಅಂದರು: "ಚೆನ್ನಾಗಿ ಮಾತಾಡಿದೆ ಕಣಪ್ಪ. ನಾನು ಮಾತ್ರ ಅದರಲ್ಲಿ ಎಲ್ಲೂ ಇರಲಿಲ್ಲ."

ಅವತ್ತಿನಿಂದ ಗೌರವ ಅನ್ನೋ ಪದ ನನಗೆ ಸಲೀಸಾಗಿ ಬರಲ್ಲ. ಅಪ್ಪನನ್ನು ಸನ್ಮಾನಿಸು ಅನ್ನೋ ಆಜ್ಞೆ ಸುಳ್ಳು ಹೇಳು ಅಂತ ಹೇಳಿಲ್ಲ. ಅಮ್ಮನನ್ನು ಅಳಿಸಿ ಅಪ್ಪನಿಗೆ ಕೊಟ್ಟ ಗೌರವ, ಅಪ್ಪನಿಗೂ ಸೇರಲಿಲ್ಲ. ನಾನು ಹೊಗಳಿದ ಆ ಮನುಷ್ಯ ನಮ್ಮ ಮನೆಯಲ್ಲಿ ಇರಲೇ ಇಲ್ಲ.

ದಾವೀದನನ್ನು ನೋಡಿ. ಎರಡನೆಯ ಸಮುವೇಲ 23. ಬೇತ್ಲೆಹೇಮಿನ ಬಾವಿ ನೀರು ಕುಡಿಯಬೇಕು ಅಂತ ಸುಮ್ಮನೆ ಆಸೆಯಾಗಿ ಅಂದ. ಮೂವರು ಶೂರರು ಫಿಲಿಷ್ಟಿಯರ ಪಾಳೆಯ ಸೀಳಿಕೊಂಡು ಹೋಗಿ ನೀರು ತಂದರು. ಅವನು ಕುಡಿಯಲಿಲ್ಲ, ಯೆಹೋವನ ಮುಂದೆ ಹೊಯ್ದುಬಿಟ್ಟ. ಇದು ನೀರಲ್ಲ, ಪ್ರಾಣಕ್ಕೆ ಹೆದರದೆ ಹೋದವರ ರಕ್ತ ಅಂದ. ಬೈಬಲ್ ಕಾಲೇಜಿನಲ್ಲಿ ಇದನ್ನು ಓದಿದಾಗ, ಅಷ್ಟು ಕಷ್ಟಪಟ್ಟು ತಂದಿದ್ದನ್ನು ಚೆಲ್ಲೋದಾ ಅಂತ ನನಗೆ ಬೇಜಾರಾಗಿತ್ತು. ಈಗ ಬೇರೆ ಕಾಣುತ್ತೆ. ಕುಡಿದಿದ್ದರೆ, ಇನ್ನೊಬ್ಬರ ಪ್ರಾಣ ತನ್ನ ಬಾಯಾರಿಕೆಗೆ ಅಂತ ಆಗಿಬಿಡ್ತಿತ್ತು. ತಾನು ಕಳಿಸಿದ ತಪ್ಪನ್ನೂ ಒಪ್ಪಿಕೊಂಡ, ಹೋದವರ ಧೈರ್ಯವನ್ನೂ ದೇವರ ಮುಂದೆ ಇಟ್ಟ. ಇದೇ ದಾವೀದನಿಗೆ ಮುಂದೆ ದೇವರು, ನೀನು ತುಂಬಾ ರಕ್ತ ಸುರಿಸಿದವನು, ಆಲಯ ಕಟ್ಟೋನು ನೀನಲ್ಲ ಅನ್ನುತ್ತಾನೆ. ದೇವರ ಹೃದಯಕ್ಕೆ ಒಪ್ಪಿದ ಮನುಷ್ಯನಿಗೇ ಈ ಮಾತು. ದೇವರು ಅವನನ್ನು ಬಿಡಲೂ ಇಲ್ಲ, ರಕ್ತವನ್ನು ಮರೆಯಲೂ ಇಲ್ಲ.

ಈಗ ಇನ್ನೊಂದು ಹೆಸರು. 1945ರ ಏಪ್ರಿಲ್. ನೆದರ್ಲೆಂಡ್ಸಿನ ಪಶ್ಚಿಮ ಭಾಗ ಇನ್ನೂ ಜರ್ಮನ್ನರ ಕೈಯಲ್ಲಿದೆ. ಆ ಚಳಿಗಾಲ ಅಲ್ಲಿನ ಜನ ಟ್ಯುಲಿಪ್ ಹೂವಿನ ಗೆಡ್ಡೆ ಬೇಯಿಸಿ ತಿಂದಿದ್ದಾರೆ, ಹಸಿವಿಗೆ ಸಾವಿರಾರು ಜನ ಸತ್ತಿದ್ದಾರೆ. ಏಪ್ರಿಲ್ 29ರಿಂದ ಮೇ 8ರ ತನಕ ಅದೇ ಲ್ಯಾಂಕಾಸ್ಟರ್‌ಗಳು, ಬಾಂಬ್ ಇಡೋ ಅದೇ ಹೊಟ್ಟೆಯಲ್ಲಿ ಹಿಟ್ಟು, ಡಬ್ಬಿ ಆಹಾರ ತುಂಬಿಕೊಂಡು ಹೋದವು. ಪ್ಯಾರಾಚೂಟ್ ಇಲ್ಲದೆ ಬೀಳಿಸಬೇಕಾದ್ದರಿಂದ ಹಗಲಲ್ಲೇ, ಮರದ ತುದಿಗಿಂತ ಸ್ವಲ್ಪ ಮೇಲೆ ಹಾರಿದವು. ಮೊದಲ ದಿನ ಒಪ್ಪಂದಕ್ಕೆ ಇನ್ನೂ ಸಹಿ ಬಿದ್ದಿರಲಿಲ್ಲ. ಕೆಳಗೆ ಜರ್ಮನ್ ತುಪಾಕಿಗಳು ಇವರನ್ನೇ ನೋಡ್ತಿದ್ದವು. 6,000 ಟನ್‌ಗೂ ಹೆಚ್ಚು ಆಹಾರ. ಹೊಲದಲ್ಲಿ ಟ್ಯುಲಿಪ್ ಹೂಗಳಿಂದಲೇ "ತುಂಬಾ ಥ್ಯಾಂಕ್ಸ್" ಅಂತ ಬರೆದಿದ್ದನ್ನು ಮೇಲಿಂದ ಕಂಡೆವು ಅಂತ ಆ ಹುಡುಗರು ಮುದುಕರಾದ ಮೇಲೂ ಹೇಳ್ತಿದ್ದರು. ಈ ಕಾರ್ಯಾಚರಣೆಯ ಹೆಸರು ಆಪರೇಷನ್ ಮನ್ನ.

ಗೊಮೋರ, ಮನ್ನ. ಎರಡು ವರ್ಷವೂ ತುಂಬಿರಲಿಲ್ಲ. ವಿಮಾನ ಅದೇ, ಪಡೆ ಅದೇ. ಮನ್ನ ಗೊಮೋರವನ್ನು ತೊಳೀತು ಅಂತ ನಾನು ಹೇಳಲ್ಲ. ರಕ್ತ ತೊಳೆಯೋದು ಹಿಟ್ಟಿನ ಮೂಟೆಗೆ ಆಗೋ ಕೆಲಸ ಅಲ್ಲ. ಗೊಮೋರ ಮನ್ನವನ್ನು ಸುಳ್ಳು ಮಾಡ್ತು ಅಂತಲೂ ಹೇಳಲ್ಲ. ಒಬ್ಬ ಮನುಷ್ಯನ ಲೆಕ್ಕದಲ್ಲಿ ಇವೆರಡೂ ಒಂದರ ಕೆಳಗೊಂದು ಇರಬಹುದು. ಕೂಡಿ ಕಳೆದು ಉತ್ತರ ಬರೆಯೋಕೆ ನಾವು ಯಾರು?

ಇದೆಲ್ಲ ದೂರದ ಕತೆ ಅಂದುಕೊಂಡಿದ್ದೆ. ನಮ್ಮ ಎಚ್‌ಎಎಲ್ ಇದೆಯಲ್ಲ, ಯುದ್ಧದ ಕಾಲದಲ್ಲಿ ಅಲ್ಲಿ ಅಮೆರಿಕದ ವಿಮಾನಗಳು ರಿಪೇರಿ ಆಗ್ತಿದ್ದವು. ಯುದ್ಧ ಮುಗಿದ ಮೇಲೆ ಬಿಟ್ಟುಹೋದ ಲಿಬರೇಟರ್ ಬಾಂಬರ್‌ಗಳನ್ನು ಅಲ್ಲೇ ಸರಿಮಾಡಿ ನಮ್ಮ ವಾಯುಪಡೆಗೆ ಕೊಟ್ಟರು. ಅದೇ ಹಳೆ ಏರ್‌ಪೋರ್ಟ್ ರಸ್ತೆಯಲ್ಲಿ ಚೆಶೈರ್ ಹೋಮ್ ಅಂತ ಬೋರ್ಡ್ ಇದೆ, ಅಂಗವಿಕಲರ ಮನೆ. ಎಷ್ಟೋ ವರ್ಷ ಅದರ ಮುಂದೆ ಬಸ್ಸಿನಲ್ಲಿ ಹೋಗಿದ್ದೀನಿ. ಯಾವುದೋ ಊರಿನ ಹೆಸರು ಅಂದುಕೊಂಡಿದ್ದೆ. ಲೆನಾರ್ಡ್ ಚೆಶೈರ್ ಒಬ್ಬ ಬಾಂಬರ್ ಪೈಲಟ್. ನೂರು ದಾಳಿಗೆ ಹಾರಿ ವಿಕ್ಟೋರಿಯಾ ಕ್ರಾಸ್ ಪಡೆದವರು. 1945ರ ಆಗಸ್ಟ್ 9ರಂದು ನಾಗಾಸಾಕಿಯ ಮೇಲೆ ಅಣುಬಾಂಬ್ ಬಿದ್ದಾಗ ಬ್ರಿಟನ್ನಿನ ಪರವಾಗಿ ಇನ್ನೊಂದು ವಿಮಾನದಿಂದ ನೋಡಿದವರು. 1948ರಲ್ಲಿ, ಆಸ್ಪತ್ರೆಯವರು ಇನ್ನೇನೂ ಮಾಡೋಕಾಗಲ್ಲ ಅಂದ ಒಬ್ಬ ಕಾಯಿಲೆಯವನನ್ನು ತನ್ನ ಮನೆಗೇ ಕರಕೊಂಡು ಬಂದು, ಸಾಯೋ ತನಕ ತಾವೇ ಆರೈಕೆ ಮಾಡಿದರು. ಆ ಒಬ್ಬನಿಂದ ಶುರುವಾದ ಮನೆಗಳು ಬೆಂಗಳೂರಿನ ತನಕ ಬಂದವು. ಅವರು ಕ್ಯಾಥೊಲಿಕ್ ಆದರು, ಆ ಚರ್ಚೆ ಇವತ್ತು ಬೇಡ. ಯುದ್ಧದಲ್ಲಿ ತಾವು ಮಾಡಿದ್ದು ತಪ್ಪು ಅಂತ ಅವರು ಹೇಳಿಕೊಂಡು ತಿರುಗಲಿಲ್ಲ. ಹಾಸಿಗೆ ಹಿಡಿದವರ ಮೈ ಒರೆಸಿದರು.

ಮೂರು ವಾರ ಆದ ಮೇಲೆ ತಮ್ಮನಿಗೆ ಫೋನ್ ಮಾಡಿದೆ. ನೀನು ನಿಂತಿದ್ದು ತಪ್ಪಲ್ಲ, ಆದರೆ ಅರ್ಧ ನಿಂತಿದ್ದೀಯ ಅಂದೆ. ಆ ಸ್ಮಾರಕದಲ್ಲಿ ಇನ್ನೊಂದು ಬರಹ ಇದೆ: 1939ರಿಂದ 1945ರ ತನಕ ಬಾಂಬ್ ದಾಳಿಯಲ್ಲಿ ಸತ್ತ ಎಲ್ಲ ದೇಶಗಳ ಜನರನ್ನೂ ಇದು ನೆನೆಯುತ್ತೆ ಅಂತ. ಹ್ಯಾಂಬರ್ಗಿನ ತಾಯಂದಿರು ಇರೋದು ಅಲ್ಲಿ. "ಅದು ಕಂಡ್ಯಾ?" ಅಂದೆ.

"ಇಲ್ಲ ಪಾಸ್ಟರಣ್ಣ, ಆ ಏಳು ಜನರನ್ನೇ ನೋಡ್ತಾ ನಿಂತುಬಿಟ್ಟೆ."

"ಇನ್ನೊಂದ್ಸಲ ಹೋಗ್ತೀಯಾ?"

"ಇಲ್ಲಿ ಮಳೆ ಹಿಡ್ಕೊಂಡಿದೆ," ಅಂದ. ಸ್ವಲ್ಪ ಹೊತ್ತು ಬಿಟ್ಟು, "ಹೋಗ್ತೀನಿ. ಛತ್ರಿ ಇದೆ."