ಎಣಿಕೆಯೂ ನ್ಯಾಯವೂ

ಬಡತನವನ್ನು ನಾವು ಸಾಮಾನ್ಯವಾಗಿ ಅನ್ನ, ಅರಿವೆ, ಆಶ್ರಯಗಳ ಕೊರತೆಯಿಂದ ಅಳೆಯುತ್ತೇವೆ. ದೂರವೂ ಒಂದು ಬಡತನವೆಂಬುದು ಬೇಗನೆ ನೆನಪಿಗೆ ಬರುವುದಿಲ್ಲ. ಮಠದ ಪ್ರಸಾದ ನಿಲಯಗಳಲ್ಲಿದ್ದು ಓದಿ ಮುಂದೆ ಬಂದ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಿಗೂ ಪ್ರೌಢಶಾಲೆಗೂ ನಡುವೆ ಇದ್ದ ಹತ್ತು ಹನ್ನೆರಡು ಮೈಲಿಗಳ ಅಂತರವೇ ಎಷ್ಟೋ ಬುದ್ಧಿವಂತ ಮಕ್ಕಳ ವಿದ್ಯೆಯನ್ನು ಊರಬಾಗಿಲಲ್ಲಿ ನಿಲ್ಲಿಸಿಬಿಡುತ್ತಿತ್ತು. ಹಳ್ಳಿಯ ದೂರವಾದರೋ ಕಣ್ಣಿಗೆ ಕಾಣುವಂಥದು. ಮಹಾನಗರದ ಒಡಲೊಳಗಿನ ದೂರ ಕಾಣುವುದಿಲ್ಲ. ನಕಾಶೆಯಲ್ಲಿ ಊರ ಒಳಗಿದ್ದೂ ಬಾಳಿನಲ್ಲಿ ಊರ ಹೊರಗಿರುವ ಜನ ಪ್ರತಿಯೊಂದು ದೊಡ್ಡ ಪಟ್ಟಣದಲ್ಲಿಯೂ ಇದ್ದಾರೆ.

ಇಂಥ ಜನ ಒಟ್ಟುಗೂಡಿ ‘ರೈಲನ್ನು ನಮ್ಮ ಕೇರಿಯವರೆಗೂ ತನ್ನಿ’ ಎಂದು ಕೇಳಿದರೆ ಅದನ್ನು ಹಕ್ಕೆನ್ನಬೇಕೋ, ಸ್ವಾರ್ಥವೆನ್ನಬೇಕೋ? ಪ್ರಶ್ನೆಯನ್ನು ಗಾಳಿಯಲ್ಲಿ ತೂಗುವುದಕ್ಕಿಂತ ನಿಜವಾದ ಒಂದು ಊರನ್ನು ಮುಂದಿಟ್ಟುಕೊಂಡು ನೋಡುವುದು ಲೇಸು. ಆ ಊರು ಅಮೆರಿಕದ ಶಿಕಾಗೋ.

೧೮೯೩ರಲ್ಲಿ ಸ್ವಾಮಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ ನಗರವೆಂದೇ ನಮ್ಮವರು ಅದನ್ನು ಬಲ್ಲರು. ಆ ಸಮ್ಮೇಳನಕ್ಕೆ ನಿಮಿತ್ತವಾಗಿದ್ದ ವಿಶ್ವ ಪ್ರದರ್ಶನವು ನಗರದ ದಕ್ಷಿಣ ಭಾಗದ ಜಾಕ್ಸನ್ ಪಾರ್ಕಿನಲ್ಲಿ ನೆರೆದಿತ್ತು. ಕಂಬಗಳ ಮೇಲೆ ಓಡುವ ಶಿಕಾಗೋದ ಮೊದಲ ರೈಲು ಆರಂಭವಾದದ್ದು ೧೮೯೨ರಲ್ಲಿ. ಮರುವರ್ಷ ಪ್ರದರ್ಶನದ ಹೊತ್ತಿಗೆ ಅದರ ಹಳಿಗಳು ಜಾಕ್ಸನ್ ಪಾರ್ಕನ್ನು ಮುಟ್ಟಿದ್ದವು. ಬಂದು ಹೋಗುವ ಅತಿಥಿಗಳಿಗಾಗಿ ಒಂದೇ ವರ್ಷದಲ್ಲಿ ಇಷ್ಟಾಯಿತು.

ಇನ್ನು ನಿತ್ಯವೂ ಅಲ್ಲೇ ಬಾಳುವವರ ಕಥೆ. ದಕ್ಷಿಣ ಭಾಗದ ಹೊಸ ಮಾರ್ಗವು ೧೯೬೯ರ ಸೆಪ್ಟೆಂಬರಿನಲ್ಲಿ ತೆರೆದು ೯೫ನೆಯ ಬೀದಿಗೆ ಬಂದು ನಿಂತಿತು. ನಗರದ ಎಲ್ಲೆಯಾದರೋ ೧೩೮ನೆಯ ಬೀದಿಯವರೆಗೆ ಹಬ್ಬಿದೆ. ಇಂದು ‘ರೆಡ್ ಲೈನ್’ ಎಂದು ಕರೆಯುವ ಅದೇ ಮಾರ್ಗ ಉತ್ತರದಲ್ಲಿ ನಗರದ ಗಡಿಯನ್ನೇ ಮುಟ್ಟುತ್ತದೆ. ದಕ್ಷಿಣದಲ್ಲಿ ಮಾತ್ರ ಐದು ಮೈಲಿಗಳಷ್ಟು ಮೊದಲೇ ನಿಂತುಬಿಡುತ್ತದೆ. ಮುಂದಕ್ಕೂ ಒಯ್ಯುವುದಾಗಿ ಅಂದಿನ ಮೇಯರ್ ರಿಚರ್ಡ್ ಡೇಲಿ ಮಾತು ಕೊಟ್ಟಿದ್ದರೆಂದು ಅಲ್ಲಿಯ ಹಿರಿಯರು ಹೇಳುತ್ತಾರೆ.

ಹಳಿ ನಿಂತಲ್ಲಿಂದ ಆಚೆಗೆ ಇರುವವರು ಯಾರು? ಬಹುಮಟ್ಟಿಗೆ ಆಫ್ರಿಕನ್ ಅಮೆರಿಕನ್ನರು. ತೀರ ತುದಿಯಲ್ಲಿ ಆಲ್ಟ್‌ಗೆಲ್ಡ್ ಗಾರ್ಡನ್ಸ್ ಎಂಬ ಸರ್ಕಾರಿ ವಸತಿ ಇದೆ. ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ ಕಪ್ಪು ಕಾರ್ಮಿಕರಿಗಾಗಿ ಕಟ್ಟಿದ ಮನೆಗಳು. ಸುತ್ತಲೂ ಕಾರ್ಖಾನೆಗಳು, ಕಸದ ಗುಂಡಿಗಳು, ಕೊಳಚೆ ನೀರಿನ ಘಟಕ. ಅಲ್ಲಿಯ ನಿವಾಸಿ ಹೇಜ಼ಲ್ ಜಾನ್ಸನ್ ಎಂಬ ತಾಯಿ ೧೯೭೯ರಲ್ಲಿ ನೆರೆಯವರನ್ನು ಕೂಡಿಸಿ ಸಂಘ ಕಟ್ಟಿ, ಈ ವಿಷದ ವರ್ತುಲದ ವಿರುದ್ಧ ಹೋರಾಡಿದರು. ಅಂದರೆ ನಗರಕ್ಕೆ ಬೇಡವಾದುದೆಲ್ಲ ಆ ಕೇರಿಯವರೆಗೆ ದಾರಿ ಕಂಡುಕೊಂಡು ಹೋಗಿತ್ತು. ರೈಲಿಗೆ ಮಾತ್ರ ದಾರಿ ಸಿಕ್ಕಿರಲಿಲ್ಲ.

ಇದಕ್ಕಿಂತಲೂ ಮನ ಕಲಕುವ ಸಂಗತಿಯೊಂದಿದೆ. ೯೫ನೆಯ ಬೀದಿಯಿಂದ ತುಸು ತೆಂಕಣಕ್ಕೆ ಪುಲ್‌ಮನ್ ಎಂಬ ಬಡಾವಣೆ ಇದೆ. ಜಾರ್ಜ್ ಪುಲ್‌ಮನ್ ಎಂಬ ಧನಿಕನು ೧೮೮೦ರ ಸುಮಾರಿಗೆ ರೈಲುಗಾಡಿಗಳ ಕಾರ್ಖಾನೆಗೆಂದು ಕಟ್ಟಿಸಿದ ಊರು ಅದು. ಇಡೀ ಅಮೆರಿಕ ಮಲಗಿ ಪ್ರಯಾಣ ಮಾಡಿದ ಶಯನ ಬೋಗಿಗಳು ಅಲ್ಲಿಯ ಕೈಗಳಿಂದ ಹೊರಬಂದವು. ಕೂಲಿ ಇಳಿಸಿ ಮನೆ ಬಾಡಿಗೆ ಇಳಿಸದ ಒಡೆಯನ ವಿರುದ್ಧ ೧೮೯೪ರಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು. ಆ ಬೋಗಿಗಳಲ್ಲಿ ಹಾಸಿಗೆ ಹಾಸುತ್ತ, ಪೆಟ್ಟಿಗೆ ಹೊರುತ್ತ ದುಡಿದ ಕಪ್ಪು ಸೇವಕರು ೧೯೨೫ರಲ್ಲಿ ಫಿಲಿಪ್ ರ‍್ಯಾಂಡಾಲ್ಫ್ ಅವರ ಮುಂದಾಳುತನದಲ್ಲಿ ಸಂಘ ಕಟ್ಟಿ, ೧೯೩೭ರಲ್ಲಿ ಕಂಪನಿಯಿಂದ ಒಪ್ಪಂದ ಪಡೆದರು. ದೇಶಕ್ಕೆ ರೈಲು ಕಟ್ಟಿಕೊಟ್ಟ ಕಾಯಕ ಈ ನೆಲದ್ದು. (ಅಲ್ಲಿ ಬೇರೊಂದು ಉಪನಗರ ರೈಲು ಇದೆಯೆಂಬುದನ್ನು ಮರೆಮಾಚಬಾರದು. ಆದರೆ ಅದು ವಿರಳ. ರೆಡ್ ಲೈನ್ ಹಾಗಲ್ಲ, ಹಗಲಿರುಳೂ ಓಡುವಂಥದು. ರಾತ್ರಿ ಪಾಳಿಯ ಆಳಿಗೆ ಈ ವ್ಯತ್ಯಾಸ ಸಣ್ಣದಲ್ಲ.)

ಜನ ಸುಮ್ಮನೆ ಕೂಡಲಿಲ್ಲ. ಮುಂದೆ ರಾಷ್ಟ್ರಾಧ್ಯಕ್ಷರಾದ ಬರಾಕ್ ಒಬಾಮ ೧೯೮೫ರಿಂದ ೧೯೮೮ರವರೆಗೆ ಸಂಘಟಕರಾಗಿ ದುಡಿದ ‘ಡೆವಲಪಿಂಗ್ ಕಮ್ಯುನಿಟೀಸ್ ಪ್ರಾಜೆಕ್ಟ್’ ಎಂಬ ನೆರೆಹೊರೆಯ ಸಂಸ್ಥೆಯೇ ಈ ರೈಲಿನ ಬೇಡಿಕೆಯನ್ನೂ ಎತ್ತಿಕೊಂಡಿತು. ೨೦೦೪ರಲ್ಲಿ ಆ ಭಾಗದ ಮತಪತ್ರದಲ್ಲಿಯೇ ಈ ಪ್ರಶ್ನೆಯನ್ನು ಇಡಿಸಿದರು. ಅದು ಸಲಹೆಯ ರೂಪದ ಮತವೇ ಹೊರತು ಆಳುವವರನ್ನು ಕಟ್ಟಿಹಾಕುವಂಥದಲ್ಲ. ಜನ ರೈಲಿನ ಪರವಾಗಿ ಮತ ಕೊಟ್ಟರು.

ಈಗ ಎಣಿಕೆಯ ಮಾತಿಗೆ ಬರೋಣ. ಸಾರ್ವಜನಿಕ ಧನವನ್ನು ಬೇಕಾಬಿಟ್ಟಿ ಚೆಲ್ಲಲಾಗದು. ಲೆಕ್ಕ ಕೇಳುವುದು ತಪ್ಪಲ್ಲ. ಅಮೆರಿಕದ ಕೇಂದ್ರ ಸರ್ಕಾರ ಹೊಸ ಮಾರ್ಗಗಳಿಗೆ ಹಣ ಕೊಡುವ ಮುನ್ನ, ಪ್ರಯಾಣಿಕರ ಒಂದು ಗಂಟೆಯನ್ನು ಉಳಿಸಲು ಎಷ್ಟು ಡಾಲರು ಬೀಳುತ್ತದೆಂದು ಒಂದು ಕಾಲಕ್ಕೆ ನೋಡುತ್ತಿತ್ತು. ಮೇಲುನೋಟಕ್ಕೆ ಇದಕ್ಕಿಂತ ನಿಷ್ಪಕ್ಷಪಾತವಾದ ತಕ್ಕಡಿ ಇಲ್ಲ. ಆದರೆ ಆ ತಕ್ಕಡಿಯಲ್ಲಿ ತೂಗಬಲ್ಲದ್ದು ಪ್ರಯಾಣವನ್ನು ಮಾತ್ರ. ಎರಡು ಬಸ್ಸು ಬದಲಿಸಿ ಹೋಗಲಾರದೆ ಕೆಲಸವನ್ನೇ ಬಿಟ್ಟ ಹೆಣ್ಣುಮಗಳ ಯಾವ ಗಂಟೆ ಉಳಿಯುತ್ತದೆ? ದೂರದ ಆಸ್ಪತ್ರೆ ಬೇಡವೆಂದು ಮನೆಯಲ್ಲೇ ನರಳುವ ಮುದುಕನ ಹೆಸರು ಯಾವ ಪಟ್ಟಿಯಲ್ಲಿ ಬಂದೀತು? ಹೊರಡದ ಪಯಣಕ್ಕೆ ಗಡಿಯಾರವಿಲ್ಲ. ಸೌಕರ್ಯ ಇರುವಲ್ಲಿ ಜನ ತಿರುಗುತ್ತಾರೆ, ತಿರುಗುವುದರಿಂದ ಎಣಿಕೆಗೆ ಸಿಗುತ್ತಾರೆ, ಎಣಿಕೆಗೆ ಸಿಕ್ಕುವುದರಿಂದ ಮತ್ತೂ ಸೌಕರ್ಯ ಪಡೆಯುತ್ತಾರೆ. ಇಲ್ಲದವರು ಇಲ್ಲದಿರುವುದರಿಂದಲೇ ಲೆಕ್ಕಕ್ಕೆ ಇಲ್ಲವಾಗುತ್ತಾರೆ.

೨೦೧೩ರಲ್ಲಿ ಆ ಸರ್ಕಾರ ನಿಯಮ ಬದಲಿಸಿತು. ಗಂಟೆಯ ಲೆಕ್ಕ ಹೋಗಿ ಪ್ರಯಾಣದ ಲೆಕ್ಕ ಬಂದಿತು. ಜೊತೆಗೆ, ಸಾರ್ವಜನಿಕ ಸಾರಿಗೆಯನ್ನಲ್ಲದೆ ಬೇರೇನನ್ನೂ ನೆಚ್ಚಲಾಗದವರ ಒಂದು ಪ್ರಯಾಣವನ್ನು ಅನುಕೂಲದ ಅಳತೆಯಲ್ಲಿ ಎರಡೆಂದು ಎಣಿಸಬೇಕೆಂದಾಯಿತು. ಬಡವನ ಒಂದು ಎರಡಾಗುವುದು ಯಾವ ಗಣಿತ ಎಂದು ಕೆಲವರಾದರೂ ಕೇಳುತ್ತಾರೆ. ಕಾರುಳ್ಳವನಿಗೆ ರೈಲು ಮತ್ತೊಂದು ದಾರಿ. ಕಾರಿಲ್ಲದವನಿಗೆ ಅದೊಂದೇ ದಾರಿ. ಒಬ್ಬನಿಗೆ ಸಿಗುವುದು ಆಯ್ಕೆ, ಇನ್ನೊಬ್ಬನಿಗೆ ಸಿಗುವುದು ಜೀವನ. ಇವೆರಡನ್ನೂ ಒಂದೊಂದೆಂದು ಬರೆದುಕೊಂಡರೆ ಅಂಕಿಗಳು ಸಮವಾಗಿರಬಹುದು, ಬೆಲೆ ಸಮವಾಗಿರುವುದಿಲ್ಲ. ‘ಎರಡು’ ಎಂಬುದೇ ಸರಿಯಾದ ಸಂಖ್ಯೆಯೆಂದು ನಾನು ವಾದಿಸಲಾರೆ. ಒಂದೂವರೆಯೂ ಇರಬಹುದು, ಐದೂ ಇರಬಹುದು. ಒಂದು ಎಂಬುದು ಮಾತ್ರ ಸರಿಯಲ್ಲವೆಂದು ಒಂದು ಸರ್ಕಾರ ಕಾಗದದ ಮೇಲೆ ಒಪ್ಪಿಕೊಂಡಿತಲ್ಲ, ಅದು ದೊಡ್ಡ ಮಾತು.

ಹಣ ಕೊಡುವವರು ಯಾರೆಂಬುದು ಇದಕ್ಕಿಂತ ಕಠಿಣ. ೯೫ರಿಂದ ೧೩೦ನೆಯ ಬೀದಿಯವರೆಗೆ ಸುಮಾರು ೯ ಕಿಲೋಮೀಟರ್ ಹಳಿ, ನಾಲ್ಕು ನಿಲ್ದಾಣಗಳು. ಅಂದಾಜು ವೆಚ್ಚ ೫೭೫ ಕೋಟಿ ಡಾಲರು. ಇದರಲ್ಲಿ ೯೫ ಕೋಟಿಗೂ ಮಿಕ್ಕ ಮೊತ್ತಕ್ಕಾಗಿ ನಗರಸಭೆ ೨೦೨೨ರ ಡಿಸೆಂಬರಿನಲ್ಲಿ ಒಂದು ಏರ್ಪಾಡು ಮಾಡಿತು. ನಗರದ ನಡುಭಾಗದಿಂದ ದಕ್ಷಿಣಕ್ಕೆ, ಈಗಾಗಲೇ ರೈಲಿರುವ ಹಾದಿಯ ಇಕ್ಕೆಲಗಳಲ್ಲಿ ಆಸ್ತಿಯ ಬೆಲೆ ಏರಿದಂತೆ ಹೆಚ್ಚುವ ತೆರಿಗೆಯ ಭಾಗವನ್ನು ಎತ್ತಿಟ್ಟು, ರೈಲಿಲ್ಲದ ಕಡೆಗೆ ವೆಚ್ಚ ಮಾಡುವುದು. ‘ನಮ್ಮ ತೆರಿಗೆ, ಅವರ ರೈಲು, ಇದಾವ ನ್ಯಾಯ?’ ಎಂಬ ಆಕ್ಷೇಪ ಎದ್ದಿತು. ಆ ಹಾದಿಯಲ್ಲಿರುವವರೆಲ್ಲ ಸಿರಿವಂತರಲ್ಲವಾದ್ದರಿಂದ ಅದನ್ನು ಹಗುರಾಗಿ ತಳ್ಳಿಹಾಕಲಾಗದು. ಆದರೂ ಅವರ ಮನೆಗಳ ಬೆಲೆ ಏರಿದ್ದರಲ್ಲಿ ಅವರ ಬೆವರಿನ ಪಾಲೆಷ್ಟು, ಬಾಗಿಲಿಗೆ ಬಂದ ರೈಲಿನ ಪಾಲೆಷ್ಟು? ಆ ರೈಲನ್ನು ಕಟ್ಟಿದ ಹಣದಲ್ಲಿ ೧೩೦ನೆಯ ಬೀದಿಯವರ ತೆರಿಗೆಯೂ ಸೇರಿತ್ತು. ಐವತ್ತು ವರ್ಷ ಅವರು ಇವರ ರೈಲಿಗೆ ಕೊಟ್ಟಿದ್ದಾರೆ. ಆಗ ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಹಳಿ ಹಾಯುವ ಜಾಗದಲ್ಲಿ ಮನೆ ಕಳೆದುಕೊಳ್ಳುವವರೂ ಇದ್ದಾರೆ, ಅವರೂ ಅದೇ ಕೇರಿಗಳ ಜನ. ಪರಿಹಾರದ ಹಣದಿಂದ ಆ ನೋವು ತೀರುವುದೆಂದು ಹೇಳಲು ನನಗೆ ಬಾಯಿ ಬಾರದು.

ಕೇಂದ್ರ ಸರ್ಕಾರ ೨೦೨೫ರ ಜನವರಿಯಲ್ಲಿ ಸುಮಾರು ೧೯೭ ಕೋಟಿ ಡಾಲರುಗಳ ಅನುದಾನಕ್ಕೆ ಸಹಿ ಹಾಕಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಗುತ್ತಿಗೆಗಳನ್ನು ಜನಾಂಗ ನೋಡಿ ಹಂಚಲಾಗುತ್ತಿದೆಯೇ ಎಂದು ಪರಿಶೀಲಿಸಬೇಕೆಂಬ ಕಾರಣ ಕೊಟ್ಟು, ಹೊಸ ಆಡಳಿತವು ಇದನ್ನೂ ಶಿಕಾಗೋದ ಇನ್ನೊಂದು ರೈಲು ಯೋಜನೆಯನ್ನೂ ಸೇರಿಸಿ ೨೧೦ ಕೋಟಿ ಡಾಲರುಗಳನ್ನು ತಡೆಹಿಡಿಯಿತು.

ಇನ್ನು ಸ್ವಾರ್ಥದ ಮಾತು. ರೈಲು ೨೦೩೦ರಲ್ಲಿ ಓಡಬೇಕೆಂಬುದು ಯೋಜನೆ. ೨೦೦೪ರಲ್ಲಿ ಅರುವತ್ತು ದಾಟಿ ಮತ ಹಾಕಿದ ಅಜ್ಜಿ ಬದುಕಿದ್ದರೆ ಆಗ ಆಕೆಗೆ ಎಂಬತ್ತಾರು ಮೀರಿರುತ್ತದೆ. ತಾನು ಏರಲಾರದ ಬಂಡಿಗಾಗಿ ಆಕೆ ಮತಗಟ್ಟೆಗೆ ನಡೆದು ಹೋಗಿದ್ದಳು.